ತಟ್ಟೆಗೆ ಬರುವ ಮುಂಚಿನ ಬದುಕು

ಮಕ್ಕಳೇ,

ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಕಾಗದ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ ಅಣ್ಣನಿಗೆ ತಾತ ಏನು ಹೇಳಿದರು, ತಂಗಿಗೆ ಏನು ಹೇಳಿದರು ಎಂದು ಮತ್ತೊಂದು ಜಗಳ ಹುಟ್ಟುತ್ತದೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿನಂದು ಎಲೆ ಮುಂದೆ ಕುಳಿತು ನೀವು ಆಡಿದ ಮಾತೆಲ್ಲ ನನ್ನ ಕಿವಿಗೆ ಬಿತ್ತು. ಬಾಡು ತಿನ್ನುವವರೆಲ್ಲ ಕೊಲೆಗಡುಕರು ಅಂದಳು ಒಬ್ಬಳು. ಅಜ್ಜ ಮುತ್ತಜ್ಜ ತಿಂದದ್ದನ್ನೇ ತಿನ್ನುತ್ತೇವೆ, ಬೆಂಗಳೂರಿಗೆ ಹೋಗಿ ಓದಿ ಬಂದವರ ಪಾಠ ನಮಗೆ ಬೇಡ ಅಂದ ಇನ್ನೊಬ್ಬ. ನಾನು ಅವತ್ತು ಬಾಯಿ ತೆರೆಯಲಿಲ್ಲ. ಉಣ್ಣುವ ಹೊತ್ತಿನಲ್ಲಿ ಮನೆಯ ಹಿರಿಯನೂ ದನಿ ಏರಿಸಬಾರದು. ಈಗ ಹೇಳುತ್ತೇನೆ, ಸಮಾಧಾನವಾಗಿ ಓದಿ.

ನೌಕರಿಯ ಉದ್ದಕ್ಕೂ ನಾನು ದನದ ಡಾಕ್ಟರು. ಹೆರಿಗೆ ಕಷ್ಟವಾದಾಗ ಕರುವನ್ನು ಹೊರಗೆಳೆದದ್ದು ಈ ಕೈ. ಬದುಕುವ ದಾರಿಯಿಲ್ಲದೆ ನರಳುವ ಪ್ರಾಣಿಗೆ ಕೊನೆಯ ಇಂಜೆಕ್ಷನ್ ಕೊಟ್ಟದ್ದೂ ಇದೇ ಕೈ. ಇದೇ ಕೈಯಲ್ಲಿ ಮುದ್ದೆ ಮುರಿದು ಬಾಡಿನ ಸಾರಿನಲ್ಲಿ ಅದ್ದಿ ಉಂಡಿದ್ದೇನೆ. ಪ್ರಾಣಿಗೆ ನೋವಾಗುತ್ತದೆಯೇ ಎಂಬ ಪ್ರಶ್ನೆಯನ್ನು ನನ್ನ ಮುಂದೆ ಯಾರೂ ಇಡಬೇಕಾಗಿಲ್ಲ. ಗೊರಸಿನ ಸಂದಿಯಲ್ಲಿ ಕೀವು ತುಂಬಿದ ಎತ್ತು, ನಾವು ಕಾಲು ಮುಟ್ಟುವ ಮೊದಲೇ ನಡುಗುವುದನ್ನು ಕಂಡವರಿಗೆ ಪುಸ್ತಕದ ಸಾಕ್ಷಿ ಬೇಡ. ಬೇಕೆಂದರೆ ಅದೂ ಇದೆ. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಸಂಶೋಧಕರು 2001ರಲ್ಲಿ ಒಂದು ವಿಷಯ ತೋರಿಸಿಕೊಟ್ಟರು: ಕುರಿಯೊಂದು ಐವತ್ತು ಬೇರೆ ಕುರಿಗಳ ಮುಖವನ್ನು ಗುರುತು ಹಿಡಿಯುತ್ತದೆ, ಎರಡು ವರ್ಷವಾದರೂ ಮರೆಯುವುದಿಲ್ಲ. ನಮ್ಮ ಕುರಿ ಕಾಯುವವರಿಗೆ ಇದೇನು ಹೊಸ ಸುದ್ದಿಯಲ್ಲ. ಮೀನಿಗೂ ನೋವಿನ ಅರಿವಿದೆ ಎಂದು ಆಮೇಲೆ ಬಂದ ಅಧ್ಯಯನಗಳು ಹೇಳಿವೆ. ಆದ್ದರಿಂದ ಆ ವಾದವನ್ನು ಇಲ್ಲಿಗೆ ಬಿಡೋಣ. ಅವಕ್ಕೆ ನೋವಾಗುತ್ತದೆ, ಹೆದರಿಕೆಯಾಗುತ್ತದೆ, ಬೇಸರವೂ ಆಗುತ್ತದೆ.

ನೀವಿಬ್ಬರೂ ಅಷ್ಟು ಹೊತ್ತು ಕಿತ್ತಾಡಿದ್ದು ಕತ್ತಿ ಬೀಳುವ ಒಂದು ಗಳಿಗೆಯ ಬಗ್ಗೆ. ಕೊಲ್ಲುವುದು ಸರಿಯೋ ತಪ್ಪೋ ಎಂದು. ಆ ಗಳಿಗೆಗಿಂತ ಮುಂಚೆ ಆ ಪ್ರಾಣಿ ಹೇಗೆ ಬದುಕಿತ್ತು ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದೇ.

ಅವತ್ತು ಎಲೆಯ ಮೇಲೆ ಎರಡು ಬಗೆಯ ಮಾಂಸವಿತ್ತು, ಗಮನಿಸಿದಿರಾ? ಒಂದು ಗುಡ್ಡೆಬಾಡು. ಇನ್ನೊಂದು, ಪೇಟೆಯಿಂದ ತಂದ ಫಾರಂ ಕೋಳಿಯ ಫ್ರೈ.

ಗುಡ್ಡೆಬಾಡಿನ ಮರಿ ಯಾರ ಮನೆಯದು ಎಂದು ಬೀದಿಗೆಲ್ಲ ಗೊತ್ತಿತ್ತು. ಕೇರಿಯ ಹತ್ತಾರು ಮನೆಯವರು ವರ್ಷವೆಲ್ಲ ಚೀಟಿ ಕಟ್ಟಿದ ದುಡ್ಡಿನಲ್ಲಿ ಅದನ್ನು ಕೊಂಡದ್ದು. ಆ ಮರಿ ತಾಯಿಯ ಹಾಲು ಕುಡಿದು ಬೆಳೆದದ್ದು. ಕೆರೆ ಏರಿಯ ಮೇಲೆ, ಕೊಯ್ಲು ಮುಗಿದ ಗದ್ದೆಯಲ್ಲಿ, ಜಾಲಿ ಮರದ ಅಡಿಯಲ್ಲಿ ಮೇಯ್ದದ್ದು. ಮಳೆ ಬಂದರೆ ಓಡಿತ್ತು, ಬಿಸಿಲಿಗೆ ಮಂದೆಯೊಳಗೆ ತಲೆ ತೂರಿಸಿ ನಿಂತಿತ್ತು, ತನ್ನ ಜೊತೆಯ ಮರಿಗಳಿಗೆ ಡಿಕ್ಕಿ ಹೊಡೆದು ಆಡಿತ್ತು. ನಸುಕಿನಲ್ಲಿ ಕೊಯ್ದರು, ತಲೆ, ಕಾಲು, ಬೋಟಿ, ರಕ್ತ, ಲಿವರ್ ಎಲ್ಲವನ್ನೂ ಸಮಸಮವಾಗಿ ಗುಡ್ಡೆ ಹಾಕಿ ಹಂಚಿದರು. ಬಿಸಾಡಿದ್ದು ಏನೂ ಇಲ್ಲ. ಮನೆಗೆ ಒಂದು ಪಾಲು ಬಂತು, ಹಬ್ಬ ಮುಗಿಯಿತು. ಮತ್ತೆ ಮಾರಿಹಬ್ಬಕ್ಕೋ ಬೀಗರ ಊಟಕ್ಕೋ ಬಾಡು. ಉಳಿದ ದಿನ ಸೊಪ್ಪುಸಾರು, ಹುರುಳಿಕಟ್ಟು, ಅವರೆಕಾಳು. ನಮ್ಮ ಹಿರಿಯರು ತಿಂದದ್ದು ಹೀಗೆ. ಮಗಾ, ಅಜ್ಜ ಮುತ್ತಜ್ಜರ ಮಾತೆತ್ತುವಾಗ ಇದನ್ನೂ ಸೇರಿಸಿ ಎತ್ತಬೇಕು.

ಹಳ್ಳಿಯಲ್ಲಿ ನಡೆಯುವುದೆಲ್ಲ ಒಳ್ಳೆಯದು ಎಂದು ನಾನು ಹೇಳಲಾರೆ. ಮೊಂಡು ಕತ್ತಿಯಲ್ಲಿ ಕೊಯ್ದದ್ದನ್ನು ಕಂಡಿದ್ದೇನೆ. ಒಂದನ್ನು ಕೊಯ್ಯುವಾಗ ಇನ್ನೊಂದನ್ನು ಎದುರಿಗೇ ಕಟ್ಟಿರುತ್ತಾರೆ. ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು, ಗಬ್ಬವಿರುವುದನ್ನು ಕೊಯ್ಯಬಾರದು, ಮೂರು ತಿಂಗಳೊಳಗಿನ ಮರಿಯಿರುವ ತಾಯಿಯನ್ನು ಕೊಯ್ಯಬಾರದು ಎಂದು 2001ರ ಕಸಾಯಿಖಾನೆ ನಿಯಮಗಳಲ್ಲಿ ಬರೆದಿದೆ. ಬಹಳ ಜನರಿಗೆ ಇಂಥದ್ದೊಂದು ನಿಯಮ ಇದೆ ಎನ್ನುವುದೇ ತಿಳಿಯದು. ಮುಂದಿನ ಹಬ್ಬಕ್ಕೆ ನಮ್ಮ ಕೇರಿಯಲ್ಲಿ ಇಷ್ಟನ್ನಾದರೂ ಪಾಲಿಸುವಂತೆ ನೀವು ಹುಡುಗರು ನೋಡಿಕೊಳ್ಳಿ. ಕತ್ತಿ ಮಸೆದಿರಲಿ, ಗೋಡೆಯ ಮರೆ ಇರಲಿ, ಹಿಂದಿನ ದಿನ ಆ ಮರಿಗೆ ನೀರು ನೆರಳು ಇರಲಿ.

ಈಗ ಎರಡನೆಯ ಮಾಂಸದ ಮಾತು. ಫಾರಂ ಕೋಳಿಯ ಬದುಕನ್ನು ತಿನ್ನುವವರು ಕಂಡಿರುವುದಿಲ್ಲ, ನಾನು ಕಂಡಿದ್ದೇನೆ. ಯಂತ್ರದ ಕಾವಿನಲ್ಲಿ ಮೊಟ್ಟೆಯೊಡೆದು ಬಂದ ಮರಿ ಸುಮಾರು ನಲವತ್ತು ಗ್ರಾಂ ತೂಗುತ್ತದೆ. ತಾಯಿ ಅದಕ್ಕೆ ಕಾಣುವುದೇ ಇಲ್ಲ. ನಲವತ್ತು ದಿನದಲ್ಲಿ ಎರಡು ಕಿಲೋ ದಾಟುತ್ತದೆ. ನಾಟಿ ಕೋಳಿಗೆ ಆ ತೂಕ ಬರಲು ತಿಂಗಳುಗಟ್ಟಲೆ ಬೇಕು. ಈ ಓಟ ತಾನಾಗಿ ಬಂದದ್ದಲ್ಲ, ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ ತಂದದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಕೊಟ್ಟು ಜೊತೆಯಲ್ಲಿ ಸಾಕಿ ನೋಡಿದರು. ಐವತ್ತಾರನೆಯ ದಿನ ಹಳೆಯ ತಳಿ ಸುಮಾರು 900 ಗ್ರಾಂ ಇತ್ತು, ಹೊಸ ತಳಿ 4,200 ಗ್ರಾಂ. ಮಾಂಸ ಹೀಗೆ ಬೆಳೆಯುತ್ತದೆ, ಆದರೆ ಮೂಳೆ, ಗುಂಡಿಗೆ, ಶ್ವಾಸಕೋಶ ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಮೂವತ್ತನೆಯ ದಿನದ ಹೊತ್ತಿಗೆ ಕೆಲವು ಕೋಳಿಗಳು ನಾಲ್ಕು ಹೆಜ್ಜೆ ಇಟ್ಟು ಕೂರುತ್ತವೆ. ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕೆಲವು ತಿನ್ನುತ್ತ ತಿನ್ನುತ್ತಲೇ ಗುಂಡಿಗೆ ನಿಂತು ಅಂಗಾತ ಬೀಳುತ್ತವೆ. ಒಂದು ಕೋಳಿಗೆ ಹೆಚ್ಚುಕಡಿಮೆ ಒಂದು ಚದರ ಅಡಿ ಜಾಗ. ಮರಿಯಿದ್ದಾಗ ಅದೇ ಬಯಲಿನಂತೆ ಕಾಣುತ್ತದೆ, ಕೊನೆಯ ವಾರದಲ್ಲಿ ನೆಲವೇ ಕಾಣುವುದಿಲ್ಲ. ಹೊಟ್ಟು ಒದ್ದೆಯಾದರೆ ಅಮೋನಿಯಾದ ಘಾಟು ಕಣ್ಣು ಉರಿಸುತ್ತದೆ. ನಾವು ಹತ್ತು ನಿಮಿಷ ನಿಂತು ಹೊರಗೆ ಬರುತ್ತೇವೆ. ಅವು ಅಲ್ಲೇ ಮಲಗುತ್ತವೆ, ಎದೆಯ ಚರ್ಮ ಬೆಂದಿರುತ್ತದೆ.

ಕೊನೆಯ ರಾತ್ರಿ ಲಿಫ್ಟಿಂಗ್‌ಗೆ ಗಾಡಿ ಬರುತ್ತದೆ. ಒಂದೊಂದು ಕೈಗೆ ನಾಲ್ಕೈದು ಕೋಳಿಯ ಕಾಲು ಸೇರಿಸಿ ಹಿಡಿದು ತಲೆಕೆಳಗಾಗಿ ಎತ್ತಿ ಕ್ರೇಟಿಗೆ ತುಂಬುತ್ತಾರೆ. ರೆಕ್ಕೆ ಮುರಿದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಂಗಡಿಯಲ್ಲಿ ಕತ್ತು ಕೊಯ್ದು ಡ್ರಮ್ಮಿಗೆ ಹಾಕುತ್ತಾರೆ. ಡ್ರಮ್ಮು ಒಳಗಿನಿಂದ ದಡದಡ ಬಡಿದುಕೊಳ್ಳುತ್ತದೆ, ಗಿರಾಕಿ ಮೊಬೈಲು ನೋಡುತ್ತ ನಿಂತಿರುತ್ತಾನೆ. ಮಗಳೇ, ನೀನು ನೋಡಿ ಅತ್ತ ವೀಡಿಯೊದಲ್ಲಿ ಸುಳ್ಳೇನೂ ಇರಲಿಲ್ಲ. 2019ರ ಜಾನುವಾರು ಗಣತಿಯಲ್ಲಿ ನಮ್ಮ ದೇಶದಲ್ಲಿ ಕೋಳಿ ಬಾತು ಎಲ್ಲ ಸೇರಿ 85 ಕೋಟಿ ಸಾಕುಹಕ್ಕಿ ಸಿಕ್ಕವು, ಅದರಲ್ಲಿ 53 ಕೋಟಿಗೂ ಹೆಚ್ಚು ಫಾರಂಗಳಲ್ಲಿ. ಅದು ಎಣಿಸಿದ ಹೊತ್ತಿನ ಲೆಕ್ಕ ಮಾತ್ರ. ಬ್ರಾಯ್ಲರ್ ಶೆಡ್ಡೊಂದು ವರ್ಷಕ್ಕೆ ಐದಾರು ಬಾರಿ ತುಂಬಿ ಖಾಲಿಯಾಗುತ್ತದೆ.

ಮಗಾ, ಈಗ ನಿನ್ನ ಶೆಡ್ಡಿನ ವಿಚಾರಕ್ಕೆ ಬರುತ್ತೇನೆ. ಐದು ಸಾವಿರ ಕೋಳಿಯ ಶೆಡ್ಡು ಕಟ್ಟಲು ಬ್ಯಾಂಕಿನಲ್ಲಿ ಅರ್ಜಿ ಹಾಕಿದ್ದೀಯ ಎಂದು ನಿಮ್ಮಪ್ಪ ಹೇಳಿದ. ಕಂಪನಿಯವರು ಮರಿ ಕೊಡುತ್ತಾರೆ, ಫೀಡು ಕೊಡುತ್ತಾರೆ, ಔಷಧಿ ಕೊಡುತ್ತಾರೆ, ನೀನು ಶೆಡ್ಡು, ಕರೆಂಟು, ನೀರು, ಮೈಮುರಿಯುವ ದುಡಿಮೆ ಕೊಡುತ್ತೀಯ. ಕಿಲೋಗೆ ಇಷ್ಟು ಎಂದು ಕೂಲಿ ಬರುತ್ತದೆ. ನೆಲ ನಿನ್ನದು, ಸಾಲ ನಿನ್ನದು, ಕೋಳಿ ಅವರದು. ಹೊಟ್ಟೆಪಾಡಿಗೆ ಈ ಕೆಲಸಕ್ಕೆ ಇಳಿದ ರೈತರನ್ನು ನಾನು ದೂರುವುದಿಲ್ಲ, ಅವರಲ್ಲಿ ಎಷ್ಟೋ ಜನ ನನ್ನ ಸ್ನೇಹಿತರು. ಟೊಮೇಟೊ ರಸ್ತೆಗೆ ಸುರಿಯಬೇಕಾದ ವರ್ಷದಲ್ಲಿ ಖಾತ್ರಿಯಾಗಿ ಬರುವ ಕೂಲಿ ಯಾರಿಗೆ ಬೇಡ? ಆದರೆ ನೀನು ನನ್ನ ಅಭಿಪ್ರಾಯ ಕೇಳಿದರೆ, ಬೇಡ ಎನ್ನುತ್ತೇನೆ. ದುಡ್ಡಿನ ಲೆಕ್ಕಕ್ಕಿಂತ ಮೊದಲು ನನಗೆ ಕಾಣುವ ಕಾರಣ ಒಂದಿದೆ. ಆ ಕೆಲಸದಲ್ಲಿ ಕೋಳಿಗೆ ಒಳ್ಳೆಯದು ಮಾಡಬೇಕೆಂದು ನಿನಗೆ ಅನಿಸಿದರೂ ಮಾಡುವ ಅಧಿಕಾರ ನಿನ್ನ ಕೈಯಲ್ಲಿ ಇರುವುದಿಲ್ಲ. ಯಾವ ತಳಿ, ಎಷ್ಟು ಮರಿ, ಯಾವ ಫೀಡು, ಯಾವತ್ತು ಲಿಫ್ಟಿಂಗ್ ಎಲ್ಲವನ್ನೂ ಸೂಪರ್‌ವೈಸರು ಹೇಳುತ್ತಾನೆ. ನಿನ್ನ ಅಂಗಳದಲ್ಲಿ ನರಳುವ ಜೀವಕ್ಕೆ ನೀನು ಬರೀ ಕಾವಲುಗಾರ.

ಆದರೂ ಕಟ್ಟುತ್ತೇನೆ ಎನ್ನುವುದಾದರೆ, ನಿನ್ನ ಕೈಗೆ ಸಿಗುವಷ್ಟನ್ನಾದರೂ ಬಿಡಬೇಡ. ಮರಿಗಳ ಸಂಖ್ಯೆಯನ್ನು ಶೆಡ್ಡಿನ ಅಳತೆಗಿಂತ ಕಡಿಮೆ ಇಡು. ಬೇಸಿಗೆಯ ಬ್ಯಾಚಿನಲ್ಲಿ ಇನ್ನೂ ಕಡಿಮೆ. ರಾತ್ರಿ ದೀಪ ಆರಿಸು, ಕತ್ತಲಿಲ್ಲದೆ ಕೋಳಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಬೆಳಕಿದ್ದರೆ ಇನ್ನೊಂದಿಷ್ಟು ತಿಂದು ತೂಕ ಬರುತ್ತದೆ ಎಂದು ಅದನ್ನು ಉರಿಸಿಯೇ ಇಡುವವರಿದ್ದಾರೆ. ಹೊಟ್ಟನ್ನು ದಿನಾ ಕೆದಕಿ ಒಣಗಿಸು. ಏಳಲಾಗದ ಕೋಳಿಯನ್ನು ನಾಳೆ ನೋಡೋಣ ಎಂದು ಬಿಡಬೇಡ, ನೀರಿನ ನಿಪ್ಪಲ್ಲಿನವರೆಗೂ ಅದು ಹೋಗಲಾರದು, ಬಾಯಾರಿ ಸಾಯುತ್ತದೆ. ಅಂಥದ್ದಕ್ಕೆ ಅವತ್ತೇ ಮುಕ್ತಿ ಕೊಡು. ಯಾರೋ ಚೀಟಿಯಲ್ಲಿ ಬರೆದುಕೊಟ್ಟರು ಎಂದು ಆಂಟಿಬಯೋಟಿಕ್ ನೀರಿಗೆ ಸುರಿಯಬೇಡ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಕೊನೆಗೆ ಕೊಡುವ ಕೊಲಿಸ್ಟಿನ್ ಅನ್ನು ನಮ್ಮ ದೇಶದಲ್ಲಿ ಕೋಳಿ ಬೇಗ ಬೆಳೆಯಲಿ ಎಂದು ಫೀಡಿಗೆ ಬೆರೆಸುತ್ತಿದ್ದರು. 2019ರಲ್ಲಿ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು. ಪ್ರಾಣಿಗೆ ಇಕ್ಕಟ್ಟು ಮಾಡಿ, ಆ ಇಕ್ಕಟ್ಟಿಗೆ ಔಷಧಿ ಹಾಕಿ, ಕೊನೆಗೆ ಆಸ್ಪತ್ರೆಯಲ್ಲಿ ಮಲಗಿದ ನಮ್ಮದೇ ಮಗುವಿಗೆ ಔಷಧಿ ನಾಟದಂತೆ ಮಾಡಿಕೊಳ್ಳುತ್ತಿದ್ದೇವೆ.

ನನ್ನನ್ನು ಕೇಳಿದರೆ, ಆ ದುಡ್ಡಿನಲ್ಲಿ ಬಂಡೂರು ಕುರಿ ಕಟ್ಟು. ನಮ್ಮ ಮಳವಳ್ಳಿ ಸೀಮೆಯ ತಳಿ ಅದು, ಗಿಡ್ಡ ಕಾಲು, ತುಂಬಿದ ಮೈ. ಶುದ್ಧ ತಳಿ ಸಿಗುವುದೇ ಕಷ್ಟವಾಗಿದೆ, ಸಿಕ್ಕರೆ ಜನ ಬೆಲೆ ನೋಡುವುದಿಲ್ಲ. ಕೋಳಿಯೇ ಬೇಕೆಂದರೆ ಹಿತ್ತಲಿಗೆಂದೇ ಮಾಡಿದ ಗಿರಿರಾಜ ಇದೆ, ಸ್ವರ್ಣಧಾರ ಇದೆ. ತೋಟದಲ್ಲಿ ಬಿಟ್ಟು ಸಾಕಬಹುದು, ಕೆದಕಿ ತಿನ್ನುತ್ತವೆ, ಧೂಳಿನಲ್ಲಿ ಹೊರಳುತ್ತವೆ. ಮುಂಗುಸಿ, ನಾಯಿ, ಹದ್ದಿನ ಕಾಟ ಇದ್ದೇ ಇದೆ, ಲಾಭ ನಿಧಾನ. ಕೊಳ್ಳುವವರು ಮಾತ್ರ ಇದ್ದಾರೆ.

ಮಗಳೇ, ಈಗ ನಿನ್ನ ಸರದಿ. ನೀನು ಬಾಡು ಬಿಟ್ಟದ್ದು ನನಗೆ ಸಂತೋಷ. ನಿನ್ನ ಅಜ್ಜಿ ಮುಖ ಸಪ್ಪೆ ಮಾಡಿಕೊಂಡಳು, ಅದು ಬೇರೆ; ಮೊಮ್ಮಗಳಿಗೆ ಕೈತುಂಬ ಬಡಿಸುವುದೇ ಅವಳ ಪ್ರೀತಿ. ಒಂದು ಜೀವದ ನೋವನ್ನು ನೋಡಿ ನಾಲಿಗೆಯ ರುಚಿಯನ್ನು ಬಿಡುವುದು ಸಣ್ಣ ಕೆಲಸವಲ್ಲ. ಆದರೆ ನಿನ್ನ ಕರುಣೆ ಅರ್ಧ ದಾರಿಯಲ್ಲಿ ನಿಂತಿದೆ, ಇನ್ನಷ್ಟು ದೂರ ನಡೆಸು ಎಂದು ಕೇಳುತ್ತೇನೆ. ನಿನ್ನನ್ನು ಮಾತಿನಲ್ಲಿ ಸಿಕ್ಕಿಸುವ ಆಸೆ ನನಗಿಲ್ಲ.

ನೀನು ಈಗಲೂ ಮೊಟ್ಟೆ ತಿನ್ನುತ್ತೀಯ. ಮೊಟ್ಟೆಯ ಕೋಳಿ ಬೇರೆ ತಳಿ. ಅದರ ಹುಂಜಕ್ಕೆ ಮಾಂಸವೂ ಬರುವುದಿಲ್ಲ, ಮೊಟ್ಟೆಯಂತೂ ಇಲ್ಲ. ಆದ್ದರಿಂದ ಹ್ಯಾಚರಿಯಲ್ಲಿ ಹುಟ್ಟಿದ ಮೊದಲ ದಿನವೇ ಗಂಡು ಮರಿಗಳನ್ನು ಬೇರ್ಪಡಿಸಿ ಕೊಲ್ಲುತ್ತಾರೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಕ್ಕಳಿಗೆ ಮಾರುವ ಮರಿಗಳು ಹೆಚ್ಚಾಗಿ ಇವೇ. ಉಳಿದ ಹೆಣ್ಣು ಮರಿ ತಂತಿಯ ಪಂಜರಕ್ಕೆ ಹೋಗುತ್ತದೆ. ಕಾಡುಕೋಳಿ ವರ್ಷಕ್ಕೆ ಹತ್ತೋ ಹದಿನೈದೋ ಮೊಟ್ಟೆ ಇಡುವಲ್ಲಿ ಇದು ಮುನ್ನೂರು ಇಡುತ್ತದೆ. ಸಿಪ್ಪೆಗೆ ಬೇಕಾದ ಸುಣ್ಣವನ್ನು ತನ್ನ ಮೂಳೆಯಿಂದಲೇ ಕೊಟ್ಟು ಕೊಟ್ಟು ಮೂಳೆ ಪುಡಿಯಾಗುತ್ತದೆ. ಈ ಕಾಗದದ ಹಾಳೆಯಷ್ಟು ಜಾಗವೂ ಅದಕ್ಕೆ ಸಿಗುವುದಿಲ್ಲ, ರೆಕ್ಕೆ ಬಿಚ್ಚಲಾಗುವುದಿಲ್ಲ. ಯುರೋಪಿನ ಒಕ್ಕೂಟ ಇಂಥ ಬರಿಯ ಪಂಜರಗಳನ್ನು 2012ರಿಂದ ನಿಲ್ಲಿಸಿತು. ಗಂಡು ಮರಿಗಳನ್ನು ಕೊಲ್ಲುವುದನ್ನು ಜರ್ಮನಿ 2022ರಿಂದ ನಿಷೇಧಿಸಿತು. ಮಾಡಬೇಕೆಂದರೆ ಮಾಡಬಹುದಾದ ಕೆಲಸಗಳಿವು, ಮೊಟ್ಟೆಯ ಬೆಲೆ ಸ್ವಲ್ಪ ಏರುತ್ತದೆ ಅಷ್ಟೆ.

ಹಾಲಿನ ಮಾತು ಇನ್ನೂ ಕಷ್ಟದ್ದು, ಏಕೆಂದರೆ ನಮ್ಮ ಜಿಲ್ಲೆಯ ಎಷ್ಟೋ ಮನೆಯ ಮಕ್ಕಳು ಡೇರಿಯ ದುಡ್ಡಿನಿಂದ ಓದಿದ್ದಾರೆ. ನಿಮ್ಮಪ್ಪನೂ ಹಾಗೇ ಓದಿದವನು. 1970ರಲ್ಲಿ ಶುರುವಾದ ಕ್ಷೀರಕ್ರಾಂತಿ ಬಡ ಹೆಂಗಸರ ಕೈಗೆ ವಾರವಾರ ದುಡ್ಡು ಕೊಟ್ಟಿತು. 1998ರಿಂದ ಹಾಲಿನಲ್ಲಿ ನಮ್ಮ ದೇಶವೇ ಮೊದಲು. ನಾನೂ ಅದರಲ್ಲಿ ದುಡಿದಿದ್ದೇನೆ, ಆ ಬಗ್ಗೆ ಹೆಮ್ಮೆಯಿದೆ. ಆದರೆ ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು, ಹಾಕಿದ ಕರುಗಳಲ್ಲಿ ಅರ್ಧ ಗಂಡು. ಉಳುಮೆಗೆ ಟ್ರಾಕ್ಟರು ಬಂದ ಮೇಲೆ ಸೀಮೆಹಸುವಿನ ಗಂಡು ಕರು ಯಾರಿಗೂ ಬೇಡ. ಅದಕ್ಕೆ ಕುಡಿಸಿದ ಹಾಲು ಡೇರಿಗೆ ಹಾಕದ ಹಾಲು. ಗಿಣ್ಣು ಮುಗಿದ ಮೇಲೆ ಹಗ್ಗ ಮೋಟು ಮಾಡಿ ಕಟ್ಟಿ, ದಿನದಿಂದ ದಿನಕ್ಕೆ ಬಡಕಲಾಗಿ ತಾನೇ ಸಾಯಲಿ ಎಂದು ಬಿಟ್ಟ ಕರುಗಳನ್ನು ನಾನು ನೋಡಿದ್ದೇನೆ. ಯಾರೂ ಕತ್ತಿ ಎತ್ತಲಿಲ್ಲ, ಹಾಗಾಗಿ ಯಾರಿಗೂ ಪಾಪ ತಟ್ಟಲಿಲ್ಲ ಎಂದುಕೊಳ್ಳುತ್ತಾರೆ. ಕಟುಕನ ಕತ್ತಿಗಿಂತ ಆ ಹಸಿವು ದೊಡ್ಡ ಕ್ರೌರ್ಯ ಎಂದು ನಾನು ದೃಢವಾಗಿ ನಂಬುತ್ತೇನೆ. 2020ರ ಗೋಹತ್ಯೆ ನಿಷೇಧ ಕಾಯ್ದೆ ದನ ಕೊಯ್ಯುವ ದಾರಿಯನ್ನು ಮುಚ್ಚಿದೆ. ಅದರ ಪರ ವಿರೋಧ ಮಾತಾಡುವವರು ಬೇಕಾದಷ್ಟು ಜನರಿದ್ದಾರೆ, ನಾನು ಒಂದನ್ನೇ ಕೇಳುತ್ತೇನೆ: ಆ ಕರುವಿಗೆ ಮೇವು ಹಾಕುವವರು ಯಾರು? ರಾತ್ರೋರಾತ್ರಿ ದೂರದ ಹೆದ್ದಾರಿಯಲ್ಲಿ ಬಿಟ್ಟು ಬಂದ ಹೋರಿಗರುವಿನ ಕಾಲು ಮುರಿದಾಗ ಫೋನು ಬರುತ್ತಿದ್ದದ್ದು ನನಗೆ.

ಈಗ ಲಿಂಗ ನಿರ್ಧರಿತ ವೀರ್ಯ ನಳಿಕೆ ಬಂದಿದೆ, ನೂರಕ್ಕೆ ತೊಂಬತ್ತು ಹೆಣ್ಣು ಕರುವೇ ಹುಟ್ಟುತ್ತದೆ. ನಮ್ಮ ಹಸುವಿಗೆ ಅದನ್ನೇ ಹಾಕಿಸಿ ಎಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ಗಂಡೇ ಹುಟ್ಟಿದರೆ ಅದಕ್ಕೂ ಒಂದು ಮೊಲೆ ಬಿಡಬೇಕು. ಕಾಫಿಗೆ ಹಾಲು ಕಡಿಮೆಯಾದರೆ ಆಗಲಿ. ನೀನು ಹಾಲನ್ನೂ ಬಿಟ್ಟರೆ ನಾನು ತಡೆಯುವುದಿಲ್ಲ, ಬಿಡದಿದ್ದರೂ ಬೈಯುವುದಿಲ್ಲ. ಆದರೆ ಕೈ ಶುದ್ಧವಾಗಿದೆ ಎಂಬ ಭಾವನೆ ಮಾತ್ರ ನಿನಗೆ ಬರಬಾರದು.

ಅದಕ್ಕೆ ಸೇರಿದ ಇನ್ನೊಂದು ಮಾತು, ಇದನ್ನು ನಾನು ತುಸು ಗಟ್ಟಿಯಾಗಿಯೇ ಹೇಳಬೇಕು. ನಮ್ಮ ನಾಡಿನಲ್ಲಿ ಮಾಂಸದ ಪ್ರಶ್ನೆ ಪ್ರಾಣಿಯ ಪ್ರಶ್ನೆಯಾಗಿ ಉಳಿದದ್ದು ಕಡಿಮೆ. ಯಾರು ಮೇಲು, ಯಾರು ಕೀಳು ಎಂದು ಅಳೆಯುವುದಕ್ಕೆ ಅದನ್ನು ಬಳಸಿದ್ದಾರೆ. ನಿನ್ನ ಬೆಂಗಳೂರಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಮನೆ ಬಾಡಿಗೆಗೆ ಎಂದು ಬೋರ್ಡು ಹಾಕುವವರು ಕೋಳಿಯ ಮೇಲಿನ ಕರುಣೆಯಿಂದ ಹಾಕುತ್ತಾರೆಯೇ? ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು 2021ರಲ್ಲಿ ಹೊರಟಾಗ ಎಷ್ಟು ವಿರೋಧ ಬಂತು! ಕಲ್ಯಾಣ ಕರ್ನಾಟಕದ ಬಡ ಮಗುವಿಗೆ ಆ ಮೊಟ್ಟೆ ಏನು ಎಂಬುದನ್ನು ಹೊಟ್ಟೆ ತುಂಬಿದವರು ತಿಳಿಯಲಾರರು. ಕೋಳಿಗೆ ಒಳ್ಳೆಯ ಬದುಕು ಬೇಕು ಎಂದು ಕೇಳು, ಆ ಮಗುವಿನ ತಟ್ಟೆಯಿಂದ ಮೊಟ್ಟೆ ಕಿತ್ತುಕೊಂಡು ಕೇಳಬೇಡ. 2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲೇ ಸಾಹಿತ್ಯ ಸಮ್ಮೇಳನ ಆದಾಗ ಬಾಡೂಟ ಬೇಕು ಎಂಬ ಕೂಗು ಎದ್ದದ್ದು ನಿಮಗೆ ನೆನಪಿದೆ. ಅದು ರುಚಿಗಾಗಿ ಎದ್ದ ಕೂಗಲ್ಲ. ನಾವು ಉಣ್ಣುವುದನ್ನು ನಾಲ್ಕು ಜನರ ಮುಂದೆ ಉಣ್ಣಲು ನಾಚಬೇಕಾಗಿಲ್ಲ ಎಂಬ ಮಾತು ಅದು. ಆ ಮಾತಿನ ಜೊತೆ ನಾನು ಪೂರ್ತಿಯಾಗಿ ಇದ್ದೇನೆ. ಕೊಲೆಗಡುಕರು ಎಂಬ ಮಾತನ್ನು ಅಜ್ಜಿಯ ಎದುರು ಆಡಿದೆಯಲ್ಲ, ಕಂದ, ಅದನ್ನು ಹಿಂದಕ್ಕೆ ತೆಗೆದುಕೋ. ನಿನ್ನ ಮಾತು ಕೇಳಬೇಕಾದ ಜನ ನಮ್ಮ ಕೇರಿಯವರೇ. ಬೈದರೆ ಅವರು ಕಿವಿ ಮುಚ್ಚಿಕೊಳ್ಳುತ್ತಾರೆ, ಕೋಳಿಗೆ ಏನೂ ಉಪಯೋಗವಾಗುವುದಿಲ್ಲ.

ಮಗಾ, ಇದನ್ನು ಓದಿ ನೀನು ತೊಡೆ ತಟ್ಟಬೇಡ. ನಮ್ಮ ಊಟವನ್ನು ಕೀಳೆಂದವರು ತಪ್ಪು ಮಾಡಿದರು ಎಂದ ಮಾತ್ರಕ್ಕೆ ಕೋಳಿಗೆ ನಾವು ಮಾಡುವುದು ಸರಿಯಾಗುವುದಿಲ್ಲ. ತುಳಿಸಿಕೊಂಡವರಿಗೆ ತುಳಿತ ಏನೆಂದು ಗೊತ್ತಿರುತ್ತದೆ. ಬಾಯಿಲ್ಲದ ಜೀವದ ಕಷ್ಟ ಮೊದಲು ಅರ್ಥವಾಗಬೇಕಾದದ್ದು ನಮಗೇ.

ಕಾನೂನು ನೋಡಿಕೊಳ್ಳುತ್ತದೆ ಎಂದು ಕೂರುವ ಹಾಗಿಲ್ಲ. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಹಠ ಹಿಡಿದು ಮಾತಾಡಿದ್ದರಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು, ಆಮೇಲೆ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಒಳ್ಳೆಯ ಕಾಯ್ದೆ. ಆದರೆ ಪ್ರಾಣಿಯನ್ನು ಹೊಡೆದು ಬಡಿದು ಹಿಂಸಿಸಿದವನಿಗೆ ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ ಎಂದು ಅವತ್ತು ಬರೆದರು. ಐವತ್ತು ರೂಪಾಯಿಗೆ ಹೆದರಿ ಯಾವ ಲಾರಿಯವನು ಆರು ದನ ತುಂಬುವಲ್ಲಿ ಇಪ್ಪತ್ತು ತುಂಬುವುದನ್ನು ಬಿಡುತ್ತಾನೆ? ನೀನು ಕಾನೂನು ಓದುತ್ತಿದ್ದೀಯ, ಮಗಳೇ. ವೀಡಿಯೊ ಹಂಚುವುದಕ್ಕಿಂತ ಈ ಸಾಲನ್ನು ಬದಲಿಸುವ ಕೆಲಸಕ್ಕೆ ಕೈ ಹಾಕು.

ಕನ್ನಡದಲ್ಲಿ ಈ ಯೋಚನೆ ಹೊಸದಲ್ಲ. ಜನ್ನ ಕವಿ 1209ರಲ್ಲಿ ಯಶೋಧರ ಚರಿತೆ ಬರೆದ. ಅದರಲ್ಲಿ ರಾಜ ಯಶೋಧರ ಜೀವವಿರುವ ಕೋಳಿಯನ್ನು ಬಲಿ ಕೊಡಲು ಒಪ್ಪದೆ, ತಾಯಿಯ ಒತ್ತಾಯಕ್ಕೆ ಹಿಟ್ಟಿನ ಕೋಳಿ ಮಾಡಿಸಿ ಬಲಿ ಕೊಡುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮ ಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಬೇಟೆಗೂ ಕತ್ತಿಗೂ ಸಿಕ್ಕು ಸಾಯುತ್ತಾರೆ. ಕಾಲೇಜಿನಲ್ಲಿ ಓದಿದಾಗ ಹಿಟ್ಟಿನ ಕೋಳಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನನಗೆ ಅತಿಯೆನಿಸಿತ್ತು. ಶೆಡ್ಡುಗಳ ಒಳಗೆ ಓಡಾಡಿದ ಮೇಲೆ ಬೇರೆಯಾಗಿ ಓದಿಸಿಕೊಂಡಿತು. ಜನ್ನ ಹಿಟ್ಟಿನ ಕೋಳಿಯಲ್ಲೂ ಜೀವ ಕಂಡವನು. ನಾವು ಜೀವವಿರುವ ಕೋಳಿಯನ್ನು ಹಿಟ್ಟಿನದು ಎಂಬಂತೆ ನಡೆಸಿಕೊಳ್ಳುತ್ತಿದ್ದೇವೆ. ಆ ರಾಜ ಕನಿಷ್ಠ ಕೊಯ್ಯುವ ಮೊದಲು ಅಳುಕಿದ್ದ.

ತಾತ ನೀನೇನು ಮಾಡುತ್ತೀಯ ಎಂದು ಕೇಳುತ್ತೀರಿ, ಕೇಳಬೇಕು ಕೂಡ. ನಾನು ಫಾರಂ ಕೋಳಿ ಬಿಟ್ಟು ಬಹಳ ಕಾಲವಾಯಿತು. ಕುರಿಯ ಬಾಡನ್ನು ಹಬ್ಬಕ್ಕೆ ಉಣ್ಣುತ್ತೇನೆ, ಯಾರ ಮಂದೆಯದು ಎಂದು ಗೊತ್ತಿದ್ದರೆ ಮಾತ್ರ. ಹೋಟೆಲಿನಲ್ಲಿ ಉಣ್ಣುವುದಿಲ್ಲ. ವರ್ಷದಲ್ಲಿ ಬಾಡಿನ ದಿನಗಳು ಬೆರಳೆಣಿಕೆಯಷ್ಟಾದವು, ಹುರುಳಿಕಟ್ಟಿನ ರುಚಿ ಹೆಚ್ಚಾಯಿತು. ಇದೇ ಸರಿಯಾದ ದಾರಿ ಎಂದು ಹೇಳಲಾರೆ. ಹಬ್ಬದ ಆ ಮರಿಗೂ ಬದುಕುವ ಆಸೆ ಇತ್ತಲ್ಲ ಎಂದು ಮೊಮ್ಮಗಳು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ನನ್ನ ನಂತರದವರು ಅದನ್ನೂ ಬಿಟ್ಟರೆ ನನಗೆ ಒಪ್ಪಿಗೆ. ಅಲ್ಲಿಯವರೆಗೂ, ಒಂದು ಜೀವವನ್ನು ತಿನ್ನುವುದೇ ಆದರೆ ಅದಕ್ಕೆ ಬಿಸಿಲು, ಮಣ್ಣು, ಜೊತೆ, ನಿದ್ದೆ ಸಿಕ್ಕಿರಬೇಕು. ಸಿಗದಿದ್ದರೆ ಅದನ್ನು ನಾನು ಮುಟ್ಟುವುದಿಲ್ಲ. ಫಾರಂ ಕೋಳಿ ಇಷ್ಟು ಅಗ್ಗಕ್ಕೆ ಸಿಗುತ್ತದೆ ಎಂದರೆ ಉಳಿದ ಬೆಲೆಯನ್ನು ಆ ಕೋಳಿ ತನ್ನ ಮೈಯಿಂದ ಕೊಟ್ಟಿದೆ ಎಂದೇ ಲೆಕ್ಕ.

ಬ್ಯಾಂಕಿನವರು ಸಹಿಗೆ ಕರೆಯುವ ಮೊದಲು ನೀವಿಬ್ಬರೂ ಒಟ್ಟಿಗೆ ಒಂದು ಶೆಡ್ಡು ನೋಡಿ ಬನ್ನಿ. ಪಕ್ಕದೂರಿನಲ್ಲಿ ನನ್ನ ಗುರುತಿನವರದ್ದಿದೆ, ಹೇಳಿಟ್ಟಿದ್ದೇನೆ. ಹಳದಿ ಮರಿಗಳು ಮುದ್ದಾಗಿ ಓಡಾಡುವ ಮೊದಲ ವಾರ ಹೋಗಬೇಡಿ. ಮೂವತ್ತೈದನೆಯ ದಿನದ ಮೇಲೆ ಹೋಗಿ, ಲಿಫ್ಟಿಂಗ್ ರಾತ್ರಿಯವರೆಗೂ ಇರಿ. ಆ ರೈತನ ಜೊತೆ ಕುಳಿತು ಅವನ ಸಾಲ, ಕರೆಂಟು ಬಿಲ್ಲು, ಕಳೆದ ಬೇಸಿಗೆಯಲ್ಲಿ ಸತ್ತ ಕೋಳಿಗಳ ಲೆಕ್ಕ ಎಲ್ಲವನ್ನೂ ಕೇಳಿ. ಮಗಳೇ, ಅವನನ್ನು ಬೈಯಬೇಡ, ಅವನ ಹೆಂಡತಿ ಕೊಟ್ಟ ಕಾಫಿ ಬೇಡವೆಂದರೆ ನೀರಾದರೂ ಕುಡಿ. ಮಗಾ, ನೀನು ಕ್ರೇಟಿಗೆ ತುಂಬುವವರ ಜೊತೆ ಕೈ ಜೋಡಿಸಿ ನಾಲ್ಕು ಕೋಳಿ ಎತ್ತಿ ನೋಡು. ಬಂದ ಮೇಲೆ ಶೆಡ್ಡಿನ ವಿಚಾರ ಮಾತಾಡೋಣ. ಬಂಡೂರು ಮರಿಗಳನ್ನು ಕೊಡುವವರು ಒಬ್ಬರು ಸಿಕ್ಕಿದ್ದಾರೆ, ಭಾನುವಾರದವರೆಗೆ ಕಾಯುತ್ತೇನೆ ಎಂದಿದ್ದಾರೆ.

ನಿಮ್ಮ ತಾತ